ಹಡಗಿನ ಪ್ರೊಪೆಲ್ಲರೂ ನಮ್ಮ ನಾಲ್ಕು ತಾಲ್ಲೂಕುಗಳೂ

ಕಡಲನ್ನೇ ಕಾಣದ ನಾಡಿನಲ್ಲಿ ಕುಳಿತು ಹಡಗಿನ ಮಾತನ್ನಾಡುವುದು ಕೆಲವರಿಗೆ ನಗೆಯನ್ನು ತಂದೀತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ರಾಯಚೂರಿನಿಂದ ಬೇರ್ಪಡಿಸಿ ೧೯೯೭ರಲ್ಲಿ ಒಂದು ಜಿಲ್ಲೆಯನ್ನು ಮಾಡಿದರು. ಇಲ್ಲಿಂದ ಕಡಲತಡಿಗೆ ಇನ್ನೂರು ಕಿಲೋಮೀಟರಿಗೆ ಮೀರಿದ ದಾರಿ. ಕುಷ್ಟಗಿ ಯಲಬುರ್ಗಾಗಳ ಒಕ್ಕಲಿಗನಿಗೆ ನೀರೆಂದೊಡನೆ ಮೊದಲು ಮುಗಿಲು ನೆನಪಾಗುತ್ತದೆ, ಆಮೇಲೆ ಕೊಳವೆಬಾವಿ; ಹಡಗು ನೆನಪಾಗುವ ಸಂಭವವೇ ಇಲ್ಲ. ಆದರೂ ಹಡಗನ್ನು ಮುಂದಕ್ಕೆ ನೂಕುವ ಪ್ರೊಪೆಲ್ಲರ್ ಎಂಬ ವಸ್ತುವಿನ ವಿಚಾರವನ್ನು ನಾವು ಈ ಸೀಮೆಯಿಂದಲೇ ಆರಂಭಿಸಬೇಕೆಂದಿದ್ದೇವೆ. ಏಕೆಂದರೆ ಆ ವಸ್ತುವಿನ ತತ್ತ್ವವು ಇಲ್ಲಿ ಐನೂರು ವರ್ಷಗಳಿಂದ ಎಲ್ಲರ ಕಣ್ಣೆದುರಿಗೆ ಇದೆ. ಅಲ್ಲದೆ, ಅದನ್ನು ಮಾಡಿ ಮಾರುವ ಉದ್ಯಮದ ಲೆಕ್ಕಾಚಾರಕ್ಕೂ ಈ ಸೀಮೆಯ ಇಂದಿನ ಕಷ್ಟಕ್ಕೂ ಸಂಬಂಧವಿದೆ.

ಆನೆಗೊಂದಿಯು ಗಂಗಾವತಿ ತಾಲ್ಲೂಕಿನಲ್ಲಿ ತುಂಗಭದ್ರೆಯ ಎಡದಡದ ಮೇಲಿದೆ. ಎದುರು ದಡವೇ ತಳವಾರಘಟ್ಟ. ಅಲ್ಲಿಂದ ಮುಂದಕ್ಕೆ ಹಂಪೆಯ ಹಾಳು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರವನು ದೊಮಿಂಗೊ ಪಾಯೆಸ್ ಎಂಬಾತನು, ಈ ಹೊಳೆಯನ್ನು ಜನರು ಬುಟ್ಟಿಯಂತೆ ದುಂಡಾದ ದೋಣಿಗಳಲ್ಲಿ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನರು ಕೂಡುತ್ತಿದ್ದರಂತೆ, ಕುದುರೆ ಎತ್ತುಗಳನ್ನೂ ಸಾಗಿಸುತ್ತಿದ್ದರಂತೆ. ಅವನಿಗೆ ಸೋಜಿಗವಾದದ್ದು ಏನೆಂದರೆ, ಆ ದೋಣಿಗಳು ಹೋಗುತ್ತ ಹೋಗುತ್ತ ಸದಾ ಸುತ್ತುತ್ತಲೇ ಇದ್ದವು. ಹರಿಗೋಲನ್ನು ಏರಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ತೊಗಲಿನ ಬದಲು ಈಗ ಟಾರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ಕಡೆಬಾಗಿಲು ಬುಕ್ಕಸಾಗರಗಳ ನಡುವೆ ಸೇತುವೆಯಾದ ಮೇಲೆ ಹರಿಗೋಲಿನ ಗಿರಾಕಿಗಳಲ್ಲಿ ಊರವರಿಗಿಂತ ಪ್ರವಾಸಿಗಳೇ ಹೆಚ್ಚು. ಸುತ್ತುವ ಚಾಳಿ ಮಾತ್ರ ಹೋಗಿಲ್ಲ.

ಸುತ್ತುವುದಕ್ಕೆ ಕಾರಣ ಸರಳವಾದದ್ದು. ಉದ್ದನೆಯ ದೋಣಿಗೆ ತಳದ ನಡುಮರವೊಂದಿರುತ್ತದೆ. ಅದು ನೀರನ್ನು ಸೀಳಿಕೊಂಡು ದಿಕ್ಕನ್ನು ಹಿಡಿಯುತ್ತದೆ. ದುಂಡನೆಯ ಬುಟ್ಟಿಗೆ ಮುಂದು ಹಿಂದು ಎಂಬುದೇ ಇಲ್ಲವಾದುದರಿಂದ, ಒಂದು ಪಕ್ಕದಲ್ಲಿ ಹುಟ್ಟು ಹಾಕಿದೊಡನೆ ಅದು ಗಿರ್ರನೆ ತಿರುಗಿಬಿಡುತ್ತದೆ. ಹಾಗಾದರೆ ಅಂಬಿಗನು ಎದುರು ದಡವನ್ನು ಸೇರುವುದೆಂತು? ನಾವು ಹಲವು ಸಲ ಹೊಳೆಯ ದಂಡೆಯಲ್ಲಿ ಕುಳಿತು ಇದನ್ನು ಗಮನಿಸಿದ್ದೇವೆ. ನುರಿತ ಅಂಬಿಗನು ನೀರನ್ನು ಹಿಂದಕ್ಕೆ ಎಳೆಯುವುದೇ ಇಲ್ಲ. ಹೋಗಬೇಕಾದ ದಿಕ್ಕಿಗೆ ಮುಖಮಾಡಿ, ಅಂಚಿನ ಮೇಲೆ ಬಾಗಿ, ಹುಟ್ಟನ್ನು ನೀರೊಳಗೆ ಎಡಕ್ಕೂ ಬಲಕ್ಕೂ ಆಡಿಸುತ್ತಾನೆ. ಪ್ರತಿ ಹೊರಳಿಗೂ ಮಣಿಕಟ್ಟನ್ನು ಕೊಂಚ ತಿರುವಿ ಹುಟ್ಟಿನ ಹಲಗೆಯನ್ನು ಓರೆ ಮಾಡುತ್ತಾನೆ. ನೀರಿನಲ್ಲಿ ಎಂಟರ ಅಂಕಿಯನ್ನು ಅಡ್ಡಲಾಗಿ ಬರೆದಂತೆ ಕಾಣುತ್ತದೆ. ಹಲಗೆ ಚಲಿಸುವುದು ಪಕ್ಕಕ್ಕೆ, ಹರಿಗೋಲು ಚಲಿಸುವುದು ಮುಂದಕ್ಕೆ! ಓರೆಯಾದ ಹಲಗೆಯೊಂದು ನೀರಿನಲ್ಲಿ ಅಡ್ಡ ಹರಿದಾಗ, ಅದರ ಮೇಲೆ ಬೀಳುವ ಒತ್ತಡದ ಒಂದು ಪಾಲು ಅಡ್ಡಹಾದಿಗೆ ಲಂಬವಾಗಿ ದೊರೆಯುತ್ತದೆ ಎಂಬುದೇ ಇದರ ಮರ್ಮ.

ಈಗ ಅದೇ ಹುಟ್ಟನ್ನು ಎಡಕ್ಕೂ ಬಲಕ್ಕೂ ಆಡಿಸುವ ಬದಲು ಒಂದೇ ದಿಕ್ಕಿನಲ್ಲಿ ಸುತ್ತುತ್ತ ಹೋಗುವಂತೆ ಒಂದು ಅಚ್ಚಿಗೆ ಸಿಕ್ಕಿಸಿರಿ. ಒಂದರ ಬದಲು ಮೂರೋ ನಾಲ್ಕೋ ಹುಟ್ಟುಗಳನ್ನು ಅದೇ ಅಚ್ಚಿನ ಸುತ್ತ ಜೋಡಿಸಿರಿ. ಮಣಿಕಟ್ಟಿನ ತಿರುವಿಗೆ ಬದಲಾಗಿ ಹಲಗೆಗೇ ಶಾಶ್ವತವಾದ ತಿರುವನ್ನು ಕೊಡಿರಿ. ಅದೇ ಪ್ರೊಪೆಲ್ಲರು.

ಹೇಳುವಷ್ಟು ಸುಲಭವಾಗಿ ಇದು ಯಾರಿಗೂ ಹೊಳೆಯಲಿಲ್ಲ. ಉಗಿಹಡಗುಗಳು ಮೊದಲು ಬಂದಾಗ ಅವುಗಳ ಎರಡು ಪಕ್ಕಕ್ಕೂ ಗಾಣದ ಚಕ್ರದಂತಹ ದೊಡ್ಡ ಗಾಲಿಗಳಿದ್ದವು. ೧೮೩೬ರಲ್ಲಿ ಇಂಗ್ಲೆಂಡಿನ ಒಕ್ಕಲಿಗನೊಬ್ಬ, ಫ್ರಾನ್ಸಿಸ್ ಪೆಟಿಟ್ ಸ್ಮಿತ್, ನೀರೊಳಗೆ ಮುಳುಗಿರುವ ಮರದ ತಿರುಪಿನಿಂದ ದೋಣಿಯನ್ನು ನೂಕುವ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ಅದೇ ವರ್ಷ ಸ್ವೀಡನ್ನಿನ ಜಾನ್ ಎರಿಕ್ಸನ್ನನೂ ಅಂತಹುದನ್ನೇ ಪಡೆದನು. ಸ್ಮಿತ್ತನ ತಿರುಪು ಎರಡು ಸುತ್ತುಗಳಷ್ಟು ಉದ್ದವಾಗಿತ್ತು. ಕಾಲುವೆಯಲ್ಲಿ ಪರೀಕ್ಷೆ ಮಾಡುತ್ತಿದ್ದಾಗ ಅದು ಏನನ್ನೋ ತಾಗಿ ಅರ್ಧ ಮುರಿದುಹೋಯಿತು. ದೋಣಿ ನಿಲ್ಲುವುದರ ಬದಲು ಮುನ್ನಿಗಿಂತ ವೇಗವಾಗಿ ಓಡಿತು! ಉದ್ದನೆಯ ತಿರುಪಿನಲ್ಲಿ ಬಹುಪಾಲು ನೀರನ್ನು ಸುಮ್ಮನೆ ಉಜ್ಜುತ್ತ ಶಕ್ತಿಯನ್ನು ತಿನ್ನುತ್ತಿತ್ತೆಂಬುದು ಹೀಗೆ ಮುರಿದ ಮೇಲೆ ತಿಳಿಯಿತು. ೧೮೪೫ರಲ್ಲಿ ಬ್ರಿಟಿಷ್ ನೌಕಾದಳದವರು ತಿರುಪಿನ ಹಡಗಾದ ರ‍್ಯಾಟ್ಲರನ್ನೂ ಗಾಲಿಯ ಹಡಗಾದ ಅಲೆಕ್ಟೋವನ್ನೂ ಬೆನ್ನಿಗೆ ಬೆನ್ನು ಕಟ್ಟಿ ಎಳೆದಾಡಿಸಿದರು. ಗಾಲಿಗಳು ಪೂರ್ಣ ಬಲದಿಂದ ತಿರುಗುತ್ತಿದ್ದರೂ ಅಲೆಕ್ಟೋ ಹಿಂದುಹಿಂದಾಗಿ ಎಳೆಯಲ್ಪಟ್ಟಿತು. ಅದೇ ವರ್ಷ ಬ್ರುನೆಲ್ಲನ ಕಬ್ಬಿಣದ ಹಡಗು ಗ್ರೇಟ್ ಬ್ರಿಟನ್ ತಿರುಪಿನ ಬಲದಿಂದಲೇ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಅಲ್ಲಿಂದ ಮುಂದೆ ಗಾಲಿಯ ಕಾಲ ಮುಗಿಯುತ್ತ ಬಂದಿತು.

ಇಷ್ಟನ್ನು ಕೇಳಿದವರು, ತಿರುಪಿನ ಆಕಾರ ಒಮ್ಮೆ ತಿಳಿದ ಮೇಲೆ ಮತ್ತೇನಿದೆ, ಎರಕ ಹೊಯ್ದು ಮಾರಿದರಾಯಿತು ಎಂದುಕೊಳ್ಳಬಹುದು. ನಿಜವಾದ ಕಥೆ ಇಲ್ಲಿಂದ ಆರಂಭವಾಗುತ್ತದೆ. ಒಂದು ಹಡಗಿಗೆ ಸರಿಹೊಂದಿದ ಪ್ರೊಪೆಲ್ಲರು ಇನ್ನೊಂದಕ್ಕೆ ಹೊಂದುವುದಿಲ್ಲ. ಹಡಗಿನ ಹಿಂಭಾಗದಲ್ಲಿ ನೀರು ಒಂದೇ ಸಮನಾಗಿ ಹರಿಯದೆ, ಮೇಲೆ ನಿಧಾನವಾಗಿಯೂ ಕೆಳಗೆ ವೇಗವಾಗಿಯೂ ಬರುತ್ತದೆ. ಅಲಗು ಒಂದು ಸುತ್ತನ್ನು ಮುಗಿಸುವಷ್ಟರಲ್ಲಿ ಹಲವು ಬಗೆಯ ನೀರನ್ನು ಎದುರಿಸಬೇಕು. ಅಲಗಿನ ಬುಡ ನಿಧಾನವಾಗಿ ಸುತ್ತುತ್ತದೆ, ತುದಿ ಬಿರುಸಾಗಿ ಸುತ್ತುತ್ತದೆ. ಆದುದರಿಂದ ಬುಡದಲ್ಲಿ ಹೆಚ್ಚು ಓರೆ, ತುದಿಗೆ ಹೋಗುತ್ತ ಕಡಮೆ ಓರೆ ಬೇಕು. ಇಷ್ಟರ ಮೇಲೆ ಇನ್ನೊಂದು ವಿಘ್ನವುಂಟು. ಅಲಗು ಬಹಳ ವೇಗವಾಗಿ ಸುತ್ತಿದರೆ ಅದರ ಬೆನ್ನಿನ ಮೇಲೆ ಒತ್ತಡವು ಇಳಿದುಹೋಗಿ, ತಣ್ಣನೆಯ ನೀರೇ ಕುದಿದಂತೆ ಗುಳ್ಳೆಗಳಾಗುತ್ತದೆ. ಆ ಗುಳ್ಳೆಗಳು ಒಡೆಯುವಾಗ ಹೊಡೆಯುವ ಪೆಟ್ಟು ಕಂಚನ್ನೂ ಗೆದ್ದಲು ತಿಂದಂತೆ ತಿನ್ನುತ್ತದೆ. ಚಾರ್ಲ್ಸ್ ಪಾರ್ಸನ್ಸ್‌ನ ಟರ್ಬಿನಿಯಾ ಎಂಬ ಹಡಗು ೧೮೯೪ರಲ್ಲಿ ಮೊದಲು ನೀರಿಗಿಳಿದಾಗ ಈ ಗುಳ್ಳೆಗಳ ದೆಸೆಯಿಂದ ನೆನೆದಷ್ಟು ವೇಗ ಬರಲಿಲ್ಲ. ಒಂದು ಅಚ್ಚಿನ ಬದಲು ಮೂರನ್ನು ಹಾಕಿ, ಒಂದೊಂದಕ್ಕೂ ಮೂರು ಪ್ರೊಪೆಲ್ಲರುಗಳನ್ನು ಏರಿಸಿದ ಮೇಲೆ, ೧೮೯೭ರ ನೌಕಾಪ್ರದರ್ಶನದಲ್ಲಿ ಅದು ಹಿಡಿಯಬಂದ ದೋಣಿಗಳನ್ನೆಲ್ಲ ಹಿಂದಿಟ್ಟು ಓಡಿತು.

ನೀರನ್ನು ನೂಕುವುದರಲ್ಲಿ ಒಂದು ಸಾಮಾನ್ಯ ನ್ಯಾಯವಿದೆ. ಕೊಂಚ ನೀರನ್ನು ಜೋರಾಗಿ ನೂಕುವುದಕ್ಕಿಂತ ಬಹಳ ನೀರನ್ನು ಮೆಲ್ಲಗೆ ನೂಕಿದರೆ ಶಕ್ತಿ ಕಡಮೆ ಸಾಕು. ಆದ್ದರಿಂದಲೇ ದೊಡ್ಡ ಹಡಗಿಗೆ ದೊಡ್ಡ ಪ್ರೊಪೆಲ್ಲರನ್ನು ಹಾಕಿ ನಿಧಾನವಾಗಿ ತಿರುಗಿಸುತ್ತಾರೆ. ೨೦೦೬ರಲ್ಲಿ ನೀರಿಗಿಳಿದ ಎಮ್ಮಾ ಮೇರ್ಸ್ಕ್ ಎಂಬ ಸರಕಿನ ಹಡಗಿನ ಪ್ರೊಪೆಲ್ಲರು ಸುಮಾರು ೧೩೦ ಟನ್ನು ತೂಗುತ್ತಿತ್ತು. ಅಡ್ಡಳತೆ ಒಂಬತ್ತು ಮೀಟರಿಗೆ ಮೀರಿತ್ತು, ಎಂದರೆ ಮೂರಂತಸ್ತಿನ ಮನೆಯ ಎತ್ತರ. ಒಂದು ಆನೆಗೆ ಐದು ಟನ್ನೆಂದರೆ ಇಪ್ಪತ್ತಾರು ಆನೆಗಳಾಯಿತು. ಆನೆಗೊಂದಿಯ ಹೆಸರಿಗೆ ತಕ್ಕ ಲೆಕ್ಕವೆನ್ನಿ.

ಈ ತಿರುವಿದ ಅಲಗಿನ ನೆಂಟರು ನಮ್ಮ ಸೀಮೆಯಲ್ಲೇ ಇನ್ನಿಬ್ಬರಿದ್ದಾರೆ. ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿ ತುಂಗಭದ್ರೆಯ ಅಣೆಕಟ್ಟಿನ ಬುಡದಲ್ಲಿ ವಿದ್ಯುತ್ತನ್ನು ಮಾಡುವ ಮನೆಯಿದೆ. ನೀರು ಕಡಮೆ ಎತ್ತರದಿಂದ ಬೀಳುವ ಕಡೆಗಳಿಗೆ ಹೊಂದುವ ಯಂತ್ರವೆಂದರೆ ಆಸ್ಟ್ರಿಯಾದ ವಿಕ್ಟರ್ ಕಪ್ಲಾನನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಟರ್ಬೈನು. ಅದು ಬೋರಲು ನಿಲ್ಲಿಸಿದ ಪ್ರೊಪೆಲ್ಲರೇ ಹೊರತು ಬೇರೆಯಲ್ಲ. ಹಡಗಿನಲ್ಲಿ ಅಲಗು ನೀರನ್ನು ನೂಕುತ್ತದೆ, ಇಲ್ಲಿ ನೀರು ಅಲಗನ್ನು ನೂಕುತ್ತದೆ. ಕಪ್ಲಾನನ ಜಾಣತನವೇನೆಂದರೆ, ನೀರಿನ ಪ್ರಮಾಣ ಬದಲಾದಂತೆ ಅಲಗುಗಳ ಓರೆಯನ್ನೂ ತಿರುಗುತ್ತಿರುವಾಗಲೇ ಬದಲಾಯಿಸುವ ಏರ್ಪಾಡು. ಇನ್ನು ಕುಷ್ಟಗಿ ಯಲಬುರ್ಗಾಗಳ ಎರೆ ಹೊಲಗಳ ಮೇಲೆ ಕಳೆದ ಕೆಲವು ವರ್ಷಗಳಲ್ಲಿ ಎದ್ದುನಿಂತಿರುವ ಗಾಳಿಯಂತ್ರಗಳನ್ನು ನೋಡದವರಿಲ್ಲ. ಗಾಳಿಯು ನೀರಿಗಿಂತ ಸುಮಾರು ಎಂಟುನೂರು ಪಾಲು ಹಗುರ. ಅದಕ್ಕೇ ಅದರ ಅಲಗುಗಳು ಕಿರಿದಾಗಿ ಉದ್ದವಾಗಿ ಇರುತ್ತವೆ, ಹಡಗಿನವು ಗಿಡ್ಡವಾಗಿ ಅಗಲವಾಗಿ ಇರುತ್ತವೆ. ಬುಡದಿಂದ ತುದಿಗೆ ಕಡಮೆಯಾಗುತ್ತ ಹೋಗುವ ತಿರುವು ಎರಡರಲ್ಲಿಯೂ ಒಂದೇ. ಹೀಗೆ ಗಂಗಾವತಿಯಲ್ಲಿ ಹುಟ್ಟು, ಕೊಪ್ಪಳದಲ್ಲಿ ಟರ್ಬೈನು, ಕುಷ್ಟಗಿ ಯಲಬುರ್ಗಾಗಳಲ್ಲಿ ಗಾಳಿಯಂತ್ರ: ಕಡಲಿಲ್ಲದ ನಾಡಿನಲ್ಲಿ ತಿರುಪಿನ ವಂಶ ಪೂರ್ತಿಯಾಗಿದೆ, ಹಡಗಿನದೊಂದನ್ನು ಬಿಟ್ಟು.

ಇನ್ನು ವ್ಯಾಪಾರದ ಮಾತು. ಪ್ರೊಪೆಲ್ಲರಿಗೆ ಗಿರಾಕಿ ಯಾರು, ಆ ಗಿರಾಕಿ ಹೆಚ್ಚುತ್ತಿದೆಯೇ? ಮಾರುಕಟ್ಟೆಯ ಭವಿಷ್ಯವನ್ನು ಹೇಳುವ ವರದಿಗಳು ವರ್ಷಕ್ಕೆ ಹಲವು ಪ್ರಕಟವಾಗುತ್ತವೆ. ಅವುಗಳಲ್ಲಿ ಒಂದರ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ. ನಮ್ಮ ಪಂಚಾಂಗಗಳಲ್ಲಾದರೂ ಗ್ರಹಣದ ದಿನ ಒಂದೇ ಇರುತ್ತದೆ. ಆದುದರಿಂದ ಆ ಅಂಕಿಗಳನ್ನು ಬಿಟ್ಟು ಕಾರಣಗಳನ್ನು ಹಿಡಿಯುವುದು ಮೇಲು.

ವಿಶ್ವಸಂಸ್ಥೆಯ ಲೆಕ್ಕದಂತೆ ೨೦೨೩ರಲ್ಲಿ ಕಡಲ ಮೇಲೆ ಸಾಗಿದ ಸರಕು ಸುಮಾರು ೧,೨೩೦ ಕೋಟಿ ಟನ್ನು. ಲೋಕದ ವ್ಯಾಪಾರದಲ್ಲಿ, ಪ್ರಮಾಣದಿಂದ ಎಣಿಸಿದರೆ, ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಹಡಗಿನಲ್ಲೇ ಹೋಗುತ್ತದೆ. ಹೊಸ ಹಡಗಿಗೆ ಹೊಸ ಪ್ರೊಪೆಲ್ಲರು ಬೇಕು. ಲೋಕದ ಹೊಸ ಹಡಗುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಚೀನಾ, ಕೊರಿಯಾ, ಜಪಾನುಗಳೇ ಕಟ್ಟುವುದರಿಂದ ಪ್ರೊಪೆಲ್ಲರಿನ ಬೇಡಿಕೆಯೂ ಹೆಚ್ಚಾಗಿ ಆ ದಿಕ್ಕಿನದು. ಇದು ಮೇಲುನೋಟಕ್ಕೆ ಕಾಣುವ ಕಾರಣ.

ಒಳಗಿನ ಕಾರಣ ಹೆಚ್ಚು ಸ್ವಾರಸ್ಯವಾದದ್ದು. ಹಡಗಿಗೆ ಬೇಕಾದ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. ವೇಗವನ್ನು ನಾಲ್ಕರಲ್ಲಿ ಮೂರು ಪಾಲಿಗೆ ಇಳಿಸಿದರೆ ಶಕ್ತಿ ಅರುವತ್ತನಾಲ್ಕರಲ್ಲಿ ಇಪ್ಪತ್ತೇಳು ಪಾಲಿಗೆ, ಎಂದರೆ ಅರ್ಧಕ್ಕಿಂತ ಕೆಳಕ್ಕೆ ಇಳಿಯುತ್ತದೆ. ೨೦೦೮ರಲ್ಲಿ ಎಣ್ಣೆಯ ಬೆಲೆ ಏರಿ, ಅದರ ಬೆನ್ನಿಗೇ ವ್ಯಾಪಾರವೂ ಕುಸಿದಾಗ, ಹಡಗಿನ ಒಡೆಯರು ಈ ಲೆಕ್ಕವನ್ನು ನೆನೆದು ನಿಧಾನವಾಗಿ ಸಾಗಲಾರಂಭಿಸಿದರು. ಗಂಟೆಗೆ ೨೫ ಕಡಲಮೈಲಿ ಓಡಲೆಂದು ಕಟ್ಟಿದ ಹಡಗುಗಳು ಹದಿನೆಂಟಿಪ್ಪತ್ತಕ್ಕೆ ಇಳಿದವು. ಆಗ, ಹೆಚ್ಚು ವೇಗಕ್ಕೆಂದು ಮಾಡಿದ ಪ್ರೊಪೆಲ್ಲರು ಕಡಮೆ ವೇಗದಲ್ಲಿ ಒಳ್ಳೆಯ ಫಲವನ್ನು ಕೊಡದು ಎಂಬುದು ಎದ್ದುಕಂಡಿತು. ಹೀಗಾಗಿ ಇನ್ನೂ ಗಟ್ಟಿಯಾಗಿಯೇ ಇದ್ದ ಕಂಚನ್ನು ತೆಗೆದುಹಾಕಿ, ಬೇರೆ ಆಕಾರದ ಕಂಚನ್ನು ಹಾಕಿಸಿಕೊಳ್ಳುವ ವಿಚಿತ್ರ ಬೇಡಿಕೆ ಹುಟ್ಟಿತು. ಇದರಲ್ಲಿ ಹುಚ್ಚೇನೂ ಇಲ್ಲ. ದಿನಕ್ಕೆ ನೂರು ಟನ್ನು ಎಣ್ಣೆ ಸುಡುವ ಹಡಗೊಂದು ನೂರಕ್ಕೆ ಐದನ್ನು ಉಳಿಸಿಕೊಂಡರೆ ದಿನಕ್ಕೆ ಐದು ಟನ್ನು ಉಳಿಯಿತು; ವರ್ಷದಲ್ಲಿ ಮುನ್ನೂರು ದಿನ ಓಡಿದರೆ ಒಂದೂವರೆ ಸಾವಿರ ಟನ್ನಾಯಿತು.

ಅಂತರರಾಷ್ಟ್ರೀಯ ಕಡಲ ಸಂಸ್ಥೆಯವರು ೨೦೨೩ರಿಂದ ಈಗಾಗಲೇ ಓಡುತ್ತಿರುವ ಹಡಗುಗಳ ಇಂಧನವ್ಯಯಕ್ಕೂ ಮಟ್ಟವನ್ನು ಗೊತ್ತುಮಾಡಿ, ವರ್ಷ ವರ್ಷವೂ ಅವುಗಳಿಗೆ ದರ್ಜೆಯನ್ನು ಕೊಡುವ ನಿಯಮವನ್ನು ತಂದಿದ್ದಾರೆ. ೨೦೫೦ರ ಆಸುಪಾಸಿಗೆ ಹಡಗುಗಳ ಇಂಗಾಲದ ಹೊಗೆಯನ್ನು ನಿವ್ವಳ ಸೊನ್ನೆಗೆ ತರಬೇಕೆಂಬುದು ಅವರು ಅದೇ ವರ್ಷ ಒಪ್ಪಿದ ಗುರಿ. ಹಳೆಯ ಹಡಗಿನ ಒಡೆಯನಿಗೆ ಈ ನಿಯಮದಿಂದ ಪಾರಾಗುವ ದಾರಿಗಳಲ್ಲಿ ಪ್ರೊಪೆಲ್ಲರನ್ನು ಬದಲಾಯಿಸುವುದೂ ಒಂದು. ಇವುಗಳ ಜತೆಗೆ ಯುದ್ಧನೌಕೆಗಳ ಬೇಡಿಕೆಯುಂಟು. ಅವರಿಗೆ ಬೇಕಾದದ್ದು ಎಣ್ಣೆಯ ಉಳಿತಾಯಕ್ಕಿಂತ ಹೆಚ್ಚಾಗಿ ಸದ್ದಿಲ್ಲದ ಪ್ರೊಪೆಲ್ಲರು. ಮೀನಿನ ದೋಣಿಗಳ ಚಿಕ್ಕ ಪ್ರೊಪೆಲ್ಲರುಗಳ ಬೇಡಿಕೆಯೂ ಉಂಟು. ಅದಕ್ಕೆ ಮುಂದೆ ಬರುತ್ತೇವೆ. ಈ ಎಲ್ಲ ಬೇಡಿಕೆಗಳಲ್ಲಿ ಒಂದು ಸಾಮಾನ್ಯ ಗುಣವಿದೆ. ಗಿರಾಕಿಯು ಹಣವನ್ನು ಕೊಡುವುದು ಲೋಹಕ್ಕಲ್ಲ, ಆಕಾರಕ್ಕೆ.

ಲೋಹದ ಬೆಲೆ ಇಲ್ಲವೆಂದಲ್ಲ. ಉಪ್ಪುನೀರಿನಲ್ಲಿ ಕಬ್ಬಿಣ ಬಾಳುವುದಿಲ್ಲ. ಆದಕಾರಣ ದೊಡ್ಡ ಪ್ರೊಪೆಲ್ಲರುಗಳನ್ನು ನೂರಕ್ಕೆ ಸುಮಾರು ಎಂಬತ್ತು ಪಾಲು ತಾಮ್ರ, ಒಂಬತ್ತು ಹತ್ತು ಪಾಲು ಅಲ್ಯೂಮಿನಿಯಂ, ಉಳಿದಂತೆ ನಿಕ್ಕಲ್ ಮತ್ತು ಕಬ್ಬಿಣ ಕೂಡಿದ ಒಂದು ಬಗೆಯ ಕಂಚಿನಿಂದ ಮಾಡುತ್ತಾರೆ. ಹಳೆಯ ಹಡಗುಗಳನ್ನು ಒಡೆಯುವ ಗುಜರಾತಿನ ಅಲಂಗಿನಲ್ಲಿ ಪ್ರೊಪೆಲ್ಲರು ಬೆಲೆಯುಳ್ಳ ಒಡವೆಯೇ ಸರಿ. ಕರಗಿಸಿದರೆ ಮತ್ತೆ ಕಂಚು. ಆದರೆ ಕರಗಿಸುವ ತೂಕದ ಬೆಲೆಗೂ ಹೊಸ ಪ್ರೊಪೆಲ್ಲರಿನ ಬೆಲೆಗೂ ನಡುವೆ ಇರುವ ಅಂತರವೇ ಈ ಉದ್ಯಮದ ಆದಾಯ. ಆ ಅಂತರ ಹೇಗೆ ಹುಟ್ಟುತ್ತದೆಂಬುದನ್ನು ನೋಡಬೇಕು. ಮೊದಲು ನೀರಿನ ಹರಿವಿನ ಲೆಕ್ಕ; ಆಮೇಲೆ ಚಿಕ್ಕ ಮಾದರಿಯನ್ನು ಮಾಡಿ ಉದ್ದನೆಯ ನೀರಿನ ತೊಟ್ಟಿಯಲ್ಲಿ ಎಳೆದು ನೋಡುವ ಪರೀಕ್ಷೆ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಮರಳಿನ ಅಚ್ಚನ್ನು ಕಟ್ಟಿ, ಸಾವಿರ ಡಿಗ್ರಿಗೂ ಮೀರಿ ಕಾದ ಕಂಚನ್ನು ನಡುವೆ ನಿಲ್ಲಿಸದೆ ಹೊಯ್ಯುತ್ತಾರೆ. ದೊಡ್ಡದಾದರೆ ಅದು ಆರುವುದಕ್ಕೆ ದಿನಗಟ್ಟಲೆ ಬೇಕು. ಅವಸರ ಮಾಡಿದರೆ ಒಳಗೆ ಬಿರುಕು ಬಿಡುತ್ತದೆ. ಆರಿದ ಮೇಲೆ ಯಂತ್ರದಿಂದ ಕೆತ್ತಿ, ಕೈಯಿಂದ ಉಜ್ಜಿ, ಅಲಗಿನ ಮೈಯನ್ನು ಹೇಳಿದ ಅಳತೆಗೆ ತಂದು, ಅಚ್ಚಿನ ಮೇಲೆ ಏರಿಸಿ ಎಲ್ಲ ಅಲಗುಗಳ ತೂಕ ಸಮನಾಗಿದೆಯೇ ಎಂದು ನೋಡುತ್ತಾರೆ. ನೂರು ಟನ್ನಿನ ವಸ್ತುವಿನಲ್ಲಿ ಕೂದಲೆಳೆಯ ಲೆಕ್ಕ!

ಈ ಕೆತ್ತುವ ಯಂತ್ರ ಎಷ್ಟು ಮುಖ್ಯವೆಂಬುದಕ್ಕೆ ಒಂದು ಪ್ರಸಂಗವನ್ನು ಹೇಳಬಹುದು. ೧೯೮೦ರ ದಶಕದ ಆರಂಭದಲ್ಲಿ ಜಪಾನಿನ ತೊಷಿಬಾ ಮೆಷಿನ್ ಕಂಪನಿಯವರು ಒಂಬತ್ತು ಅಕ್ಷಗಳ ಕೆತ್ತುವ ಯಂತ್ರಗಳನ್ನು, ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿಯವರ ನಿಯಂತ್ರಕಗಳೊಡನೆ, ನಿಷೇಧವನ್ನು ಮೀರಿ ಸೋವಿಯತ್ ದೇಶಕ್ಕೆ ಮಾರಿದರು. ಸೋವಿಯತ್ ಜಲಾಂತರ್ಗಾಮಿಗಳ ಪ್ರೊಪೆಲ್ಲರುಗಳು ಇದರಿಂದ ನಿಶ್ಶಬ್ದವಾದವೆಂದು ಅಮೆರಿಕದವರು ಕೆರಳಿದರು. ೧೯೮೭ರಲ್ಲಿ ಸುದ್ದಿ ಬಯಲಾದಾಗ ಅಲ್ಲಿನ ಶಾಸನಸಭೆಯ ಕೆಲವು ಸದಸ್ಯರು ತೊಷಿಬಾ ಹೆಸರಿನ ರೇಡಿಯೋ ಪೆಟ್ಟಿಗೆಯೊಂದನ್ನು ಸಭಾಭವನದ ಎದುರು ಸುತ್ತಿಗೆಗಳಿಂದ ಒಡೆದರು. ರೇಡಿಯೋ ಮಾಡಿದ ಪಾಪವೇನೋ ನಾವರಿಯೆವು.

ಹಾಗಾದರೆ ಇಂತಹ ಕೆಲಸ ಎಲ್ಲಿ ನಡೆಯುತ್ತದೆ? ಕಡಲತಡಿಯಲ್ಲೇ ಎಂದು ಊಹಿಸುವುದು ಸಹಜ. ಕೊರಿಯಾದ ಉಲ್ಸಾನಿನಂತಹ ಕಡೆಗಳಲ್ಲಿ ಅದು ನಿಜ. ಆದರೆ ಎಮ್ಮಾ ಮೇರ್ಸ್ಕಿನ ಆ ೧೩೦ ಟನ್ನಿನ ಪ್ರೊಪೆಲ್ಲರನ್ನು ಎರಕ ಹೊಯ್ದದ್ದು ಜರ್ಮನಿಯ ವಾರೆನ್ ಎಂಬ ಚಿಕ್ಕ ಊರಿನಲ್ಲಿ. ಅದು ಬಾಲ್ಟಿಕ್ ಕಡಲಿನಿಂದ ಬಹುದೂರ ಒಳಗೆ, ಮ್ಯೂರಿಟ್ಸ್ ಎಂಬ ಸರೋವರದ ದಂಡೆಯಲ್ಲಿದೆ. ಸ್ವೀಡನ್ನಿನ ಕ್ರಿಸ್ಟಿನೆಹಾಮ್ನ್ ಕೂಡ ಹಾಗೆಯೇ ವೇನರ್ನ್ ಸರೋವರದ ದಂಡೆಯ ಊರು. ಅಲ್ಲಿನ ಕಾರ್ಖಾನೆಯವರು ಮೊದಲು ಕಪ್ಲಾನ್ ಟರ್ಬೈನುಗಳನ್ನು ಮಾಡುತ್ತಿದ್ದರು. ತಿರುಗುತ್ತಿರುವಾಗಲೇ ಅಲಗಿನ ಓರೆಯನ್ನು ಬದಲಾಯಿಸುವ ವಿದ್ಯೆ ಅವರ ಕೈಯಲ್ಲಿತ್ತು. ೧೯೩೦ರ ದಶಕದಲ್ಲಿ ಅದೇ ವಿದ್ಯೆಯನ್ನು ಹಡಗಿಗೆ ತಿರುಗಿಸಿ, ಓರೆ ಬದಲಾಗುವ ಪ್ರೊಪೆಲ್ಲರನ್ನು ಮಾಡಿ, ಕಮೇವಾ ಎಂಬ ಹೆಸರಿನಿಂದ ಲೋಕಕ್ಕೆಲ್ಲ ಮಾರಿದರು. ಅಣೆಕಟ್ಟಿನ ಯಂತ್ರದಿಂದ ಹಡಗಿನ ಯಂತ್ರಕ್ಕೆ ಒಂದೇ ಹೆಜ್ಜೆ. ಜಪಾನಿನ ಒಕಾಯಾಮಾದ ನಕಾಶಿಮಾದವರು ೧೯೨೬ರಲ್ಲಿ ಆರಂಭಿಸಿದ್ದು ಮೀನಿನ ದೋಣಿಗಳ ಚಿಕ್ಕ ಪ್ರೊಪೆಲ್ಲರುಗಳಿಂದ. ಇಂದು ಲೋಕದ ಮುಂದಾಳುಗಳಲ್ಲಿ ಅವರೂ ಒಬ್ಬರು.

ಮುನಿರಾಬಾದಿನ ಕೆರೆಯಂತಹ ಜಲಾಶಯದ ದಂಡೆಯಿಂದ ಈಗ ಕೊಪ್ಪಳದ ಕಡೆಗೆ ನಡೆದು ಬರೋಣ. ದಾರಿಯಲ್ಲಿ ಹೊಗೆಕೊಳವೆಗಳು ಎದುರಾಗುತ್ತವೆ. ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ೧೯೯೦ರ ದಶಕದಿಂದ ಬೀಡುಕಬ್ಬಿಣವನ್ನು ತೆಗೆಯುತ್ತಿದೆ. ಟ್ರ್ಯಾಕ್ಟರು ಮೊದಲಾದವುಗಳ ಎಂಜಿನ್ನಿಗೆ ಬೇಕಾದ ಸಿಲಿಂಡರಿನ ಒಡಲುಗಳನ್ನು ಎರಕ ಹೊಯ್ಯುತ್ತಿದೆ. ಗಿಣಿಗೇರಿಯಲ್ಲಿ ಮಿಶ್ರೋಕ್ಕಿನ ಕಾರ್ಖಾನೆಯಿದೆ. ಸುತ್ತಲೂ ಮೆತ್ತಗಬ್ಬಿಣದ ಸಣ್ಣ ದೊಡ್ಡ ಕಾರ್ಖಾನೆಗಳು. ಎರಕದ ವಿದ್ಯೆ ಈ ನೆಲಕ್ಕೆ ಅಪರಿಚಿತವಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಎಂಜಿನ್ನಿನ ಒಡಲೆಂದರೆ ಅಷ್ಟೇನೂ ಒರಟು ಎರಕವಲ್ಲ. ಅದರೊಳಗಿನ ನೀರಿನ ದಾರಿಗಳು ಒಂದು ಕೂದಲೂ ಅತ್ತಿತ್ತಾಗದಂತೆ ಬರಬೇಕು.

ಆದರೆ ಒಟ್ಟಿನ ಮೇಲೆ ಈ ಸೀಮೆ ಮಾರುವುದು ತೂಕವನ್ನು. ೨೦೦೩ರ ಬಳಿಕ ಚೀನಾದ ಬೇಡಿಕೆಯಿಂದ ಸಂಡೂರು ಹೊಸಪೇಟೆಗಳ ಅದಿರಿಗೆ ಬೆಲೆ ಬಂದಾಗ, ಅದು ಕೊಪ್ಪಳದ ಮೇಲೆ ಹಾದ ರೈಲಿನಲ್ಲಿಯೂ ಹೆದ್ದಾರಿಯ ಲಾರಿಗಳಲ್ಲಿಯೂ 'ಗಡಗಡ' ಎಂದು ಪಡುವಣ ಬಂದರುಗಳಿಗೆ ಹೋಯಿತು. ಕರ್ನಾಟಕ ಸರ್ಕಾರವು ೨೦೧೦ರ ಜುಲೈಯಲ್ಲಿ ರಫ್ತನ್ನು ನಿಲ್ಲಿಸುವವರೆಗೆ, ಬೇಲೆಕೇರಿ ಕಾರವಾರಗಳಲ್ಲಿ ಅದನ್ನು ತುಂಬಿಕೊಂಡು ಹೋದ ಹಡಗುಗಳ ಹಿಂದೆ ಯಾರದೋ ಊರಿನ ಪ್ರೊಪೆಲ್ಲರುಗಳು ಸುತ್ತುತ್ತಿದ್ದವು. ಹೋದ ಮಣ್ಣಿನಲ್ಲಿ ಒಂದು ಪಾಲು ಹಡಗಿನ ಉಕ್ಕಾಗಿಯೇ ಮತ್ತೆ ತೇಲಿರಲೂ ಸಾಕು. ನಮಗೆ ಸಂದದ್ದು ಟನ್ನಿಗೆ ಇಷ್ಟೆಂಬ ಬೆಲೆ. ಉಳಿದದ್ದು ರಸ್ತೆಯ ಕೆಂಪು ಧೂಳು.

ಧೂಳಿನ ಮಾತು ಇಲ್ಲಿ ಅಲಂಕಾರವಲ್ಲ. ೨೦೨೫ರ ಫೆಬ್ರವರಿಯಲ್ಲಿ ಕೊಪ್ಪಳದ ಜನರು ಅಂಗಡಿ ಮುಂಗಟ್ಟುಗಳನ್ನು ಮುಚ್ಚಿ ಬೀದಿಗಿಳಿದರು. ಗವಿಮಠದ ಶ್ರೀಗಳೇ ಮುಂದೆ ನಿಂತಿದ್ದರು. ಪಟ್ಟಣದ ಮಗ್ಗುಲಲ್ಲಿ ದೊಡ್ಡದೊಂದು ಉಕ್ಕಿನ ಕಾರ್ಖಾನೆಯನ್ನು ಬೆಳೆಸುವುದು ಬೇಡವೆಂಬುದು ಅವರ ಮೊರೆ. ಈಗಿರುವ ಕಾರ್ಖಾನೆಗಳ ಬೂದಿಯೇ ಬೆಳೆಯ ಮೇಲೂ ಮನೆಯ ಮಾಡಿನ ಮೇಲೂ ಕೂರುತ್ತಿದೆ ಎಂಬುದು ಅವರ ದೂರು. ಇನ್ನೊಂದು ಪಕ್ಷದವರು, ಕಾರ್ಖಾನೆ ಬೇಡವಾದರೆ ಹುಡುಗರಿಗೆ ಕೆಲಸವೆಲ್ಲಿ ಎಂದು ಕೇಳುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದನ್ನೂ ನಾವು ತಳ್ಳಿಹಾಕಲಾರೆವು. ಆದರೆ ವಾದವೆಲ್ಲ ಎಷ್ಟು ಟನ್ನು ಎಂಬುದರ ಮೇಲೆಯೇ ನಿಂತಿದೆ; ಕೊಪ್ಪಳದಿಂದ ಹೊರಡುವ ಒಂದೊಂದು ಟನ್ನಿನಲ್ಲಿ ಎಷ್ಟು ಬುದ್ಧಿ, ಎಷ್ಟು ಕೈಕೆಲಸ ಕೂಡಿದೆ ಎಂಬ ಪ್ರಶ್ನೆ ಯಾರ ಬಾಯಲ್ಲಿಯೂ ಬಂದದ್ದು ಕಾಣಲಿಲ್ಲ. ಒಂದು ಟನ್ನು ಬೀಡಿಗೆ ಬರುವ ಹಣವೂ ಒಂದು ಟನ್ನು ಪ್ರೊಪೆಲ್ಲರಿಗೆ ಬರುವ ಹಣವೂ ಸಮವಲ್ಲ. ಏಳುವ ಹೊಗೆಯೂ ಸಮವಲ್ಲ.

ಇದು ಹಗಲುಗನಸೆಂದು ಹೇಳುವವರಿಗೆ ಉತ್ತರ ಕೊಡಬೇಕು. ನೂರು ಟನ್ನಿನ ಪ್ರೊಪೆಲ್ಲರನ್ನು ಕೊಪ್ಪಳದಲ್ಲಿ ಹೊಯ್ಯಬೇಕೆಂದು ನಾವು ಹೇಳುತ್ತಿಲ್ಲ. ಕಬ್ಬಿಣದ ಎರಕ ಬಲ್ಲವನು ಕಂಚಿನ ಎರಕವನ್ನು ಬಲ್ಲನೆಂದೂ ಅಲ್ಲ. ಕರಗಿದ ಕಂಚಿನಲ್ಲಿರುವ ಅಲ್ಯೂಮಿನಿಯಂ ಗಾಳಿ ತಾಗಿದೊಡನೆ ಕೆನೆಗಟ್ಟಿ ಎರಕವನ್ನು ಕೆಡಿಸುತ್ತದೆ, ಅದನ್ನು ಹೊಯ್ಯುವ ರೀತಿಯೇ ಬೇರೆ. ತಾಮ್ರವನ್ನು ಹೊರಗಿನಿಂದ ತರಬೇಕು. ಲೋಕದ ಹಡಗು ಕಟ್ಟುವ ಕೆಲಸದಲ್ಲಿ ಭಾರತದ ಪಾಲು ನೂರಕ್ಕೆ ಒಂದೂ ಇಲ್ಲವೆಂಬುದು ನಿಜ. ಆದರೆ ಅದನ್ನು ಹೆಚ್ಚಿಸಲೆಂದು ಭಾರತ ಸರ್ಕಾರವು ೨೦೨೫ರ ಸೆಪ್ಟೆಂಬರಿನಲ್ಲಿ ೬೯,೭೨೫ ಕೋಟಿ ರೂಪಾಯಿಗಳ ಏರ್ಪಾಡೊಂದಕ್ಕೆ ಒಪ್ಪಿಗೆ ಕೊಟ್ಟಿದೆ. ನಮ್ಮದೇ ಕರಾವಳಿಯ ಮಲ್ಪೆಯಲ್ಲಿ, ನಿಂತುಹೋಗಿದ್ದ ಹಡಗುಕಟ್ಟೆಯನ್ನು ಕೊಚ್ಚಿಯ ಸರ್ಕಾರಿ ಹಡಗುಕಟ್ಟೆಯವರು ೨೦೨೦ರಲ್ಲಿ ಕೊಂಡು, ಎಳೆಹಡಗುಗಳನ್ನು ಕಟ್ಟುತ್ತಿದ್ದಾರೆ. ನಾರ್ವೆಯ ಕಂಪನಿಯೊಂದಕ್ಕೆ ಸರಕಿನ ಹಡಗುಗಳನ್ನು ಕಟ್ಟಿಕೊಡಲು ಒಪ್ಪಿದ್ದಾರೆ.

ಹೊಸ ವಿದ್ಯೆಗಳೂ ಚಿಕ್ಕವರ ಪಕ್ಷಕ್ಕೆ ಬರುತ್ತಿವೆ. ೨೦೧೭ರಲ್ಲಿ ಹಾಲೆಂಡಿನ ರಾಟರ್‌ಡಾಮಿನಲ್ಲಿ, ಅಚ್ಚನ್ನೇ ಕಟ್ಟದೆ, ಕಂಚಿನ ತಂತಿಯನ್ನು ಬೆಸುಗೆಯಿಂದ ಪದರದ ಮೇಲೆ ಪದರವಾಗಿ ೨೯೮ ಪದರ ಹಾಕಿ, ಒಂದೂಕಾಲು ಮೀಟರಿಗೆ ಮೀರಿದ ಅಡ್ಡಳತೆಯ ಪ್ರೊಪೆಲ್ಲರೊಂದನ್ನು ಬೆಳೆಸಿದರು. ಮೇಲೆ ಯಂತ್ರದಿಂದ ನಯಗೊಳಿಸಿ ಎಳೆಹಡಗಿಗೆ ಹಾಕಿ ಪರೀಕ್ಷಿಸಿದರು. ಗೋಡೆಗೆ ಕೆಸರು ಮೆತ್ತುವ ಕಣಜದ ಹುಳುವಿನ ರೀತಿ. ಒಂದೇ ಒಂದು ಪ್ರೊಪೆಲ್ಲರು ಬೇಕಾದಾಗ ಅಚ್ಚಿನ ವೆಚ್ಚ ಉಳಿಯಿತು. ಯಲಬುರ್ಗಾ ಕಡೆಯ ತಳಕಲ್ಲಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ಹುಡುಗರು ಕಿಟಕಿಯಾಚೆ ತಿರುಗುವ ಗಾಳಿಯಂತ್ರದ ಅಲಗಿಗೆ ಬರೆಯುವ ಸಮೀಕರಣಗಳೇ, ಗಾಳಿಯ ಬದಲು ನೀರೆಂದು ಬರೆದುಕೊಂಡರೆ, ಹೆಚ್ಚು ಕಡಮೆ ಪ್ರೊಪೆಲ್ಲರಿನವು. ಗುಳ್ಳೆಗಳ ಅಧ್ಯಾಯವೊಂದು ಹೆಚ್ಚು.

ಕೆಲಸ ಎಲ್ಲಿಂದ ಆರಂಭವಾಗಬಹುದೆಂದರೆ, ನಕಾಶಿಮಾದವರು ಆರಂಭಿಸಿದ ಕಡೆಯಿಂದಲೇ. ಕಾರವಾರದಿಂದ ಮಂಗಳೂರಿನವರೆಗೆ ಸಾವಿರಾರು ಯಂತ್ರದ ಮೀನುದೋಣಿಗಳಿವೆ. ಅವುಗಳ ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಳ್ಳುತ್ತದೆ, ಅಳಿವೆಯ ಮರಳೋ ಬಂಡೆಯೋ ತಾಗಿ ಅಲಗು ಬಾಗುತ್ತದೆ. ಬಾಗಿದ್ದನ್ನು ಸುತ್ತಿಗೆಯಿಂದ ಬಡಿದು ಕಣ್ಣಂದಾಜಿನಲ್ಲಿ ನೆಟ್ಟಗೆ ಮಾಡಿದರೆ ದೋಣಿಯೇನೋ ಓಡುತ್ತದೆ. ಆದರೆ ಡೀಸೆಲ್ಲನ್ನು ಮುನ್ನಿಗಿಂತ ಹೆಚ್ಚು ಕುಡಿಯುತ್ತದೆ, ಅಚ್ಚು ನಡುಗುತ್ತದೆ. ಬಲೆಯನ್ನು ಎಳೆಯುತ್ತ ಮೆಲ್ಲಗೆ ಸಾಗುವ ದೋಣಿಗೆ ಒಂದು ಓರೆ ಬೇಕು, ಮೀನನ್ನು ತುಂಬಿಕೊಂಡು ಬಂದರಿಗೆ ಓಡುವ ದೋಣಿಗೆ ಇನ್ನೊಂದು. ಸರಿಯಾದ ಓರೆಯನ್ನು ಲೆಕ್ಕ ಹಾಕಿ, ಅಳೆದು, ಆಯಾ ದೋಣಿಗೆ ತಕ್ಕಂತೆ ಮಾಡಿಕೊಡುವವನಿಗೆ ದೋಣಿಯ ಒಡೆಯನು ಡೀಸೆಲ್ಲಿನ ಉಳಿತಾಯದಿಂದಲೇ ಬೆಲೆ ಕೊಟ್ಟಾನು. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಅರುವತ್ತೊಂದು ದಿನ ಯಂತ್ರದ ದೋಣಿಗಳಿಗೆ ಮೀನು ಹಿಡಿಯುವುದು ನಿಷಿದ್ಧ. ಆ ಎರಡು ತಿಂಗಳು ದೋಣಿಗಳು ದಡಕ್ಕೆ ಬಂದು ಪ್ರೊಪೆಲ್ಲರುಗಳು ಕಳಚಲ್ಪಡುತ್ತವೆ. ದುರಸ್ತಿಯ ಕೆಲಸವೆಲ್ಲ ಆಗಲೇ. ಕೊಪ್ಪಳದಿಂದ ಮಲ್ಪೆಗೆ ಲಾರಿಯಲ್ಲಿ ಒಂದು ರಾತ್ರಿಯ ದಾರಿ.